ಮಗಳು ಐ.ಓ.ಟಿ. ಓದುತ್ತೇನೆ ಎಂದರೆ



ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಸಂಘಗಳಿಗೆ ಬರುವ ಸಾಲದ ಅರ್ಜಿಗಳೂ ಬದಲಾಗುತ್ತವೆ. ಅದುವರೆಗೆ ದನ, ಹೊಲಿಗೆ ಮೆಷಿನು, ಮಾಡಿನ ಹಂಚು ಎಂದು ಬರುತ್ತಿದ್ದ ಅರ್ಜಿಗಳಲ್ಲಿ ‘ಮಗಳ ಫೀಸು’ ಎಂಬುದು ಸೇರಿಕೊಳ್ಳುತ್ತದೆ. ನರ್ಸಿಂಗ್, ಬಿ.ಕಾಂ., ಟೀಚರ್ ಟ್ರೈನಿಂಗ್ ಎಂದರೆ ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತು. ಓದು ಮುಗಿದ ಮೇಲೆ ಎಲ್ಲಿ ಕೆಲಸ, ಎಷ್ಟು ಸಂಬಳ ಅಂತ ಅಂದಾಜು ಹಾಕಿ ಠರಾವು ಬರೆಯುತ್ತೇವೆ. ಆದರೆ ಈಚೆಗೆ ಅರ್ಜಿಯಲ್ಲಿ ‘ಐ.ಓ.ಟಿ.’, ‘ಇಂಡಸ್ಟ್ರಿ 4.0’, ‘ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್’ ಎಂಬ ಹೆಸರುಗಳು ಬರತೊಡಗಿವೆ. “ಅದೇನಕ್ಕಾ?” ಎಂದು ಕೇಳಿದರೆ ತಾಯಿ “ಕಂಪ್ಯೂಟರಿದ್ದೇ ಏನೋ ಅಂತೆ” ಅನ್ನುತ್ತಾಳೆ. ಕೆಲವು ಸಂಘಗಳಲ್ಲಿ ಅಷ್ಟಕ್ಕೇ ಸಾಲ ಮಂಜೂರಾಗುತ್ತದೆ, ಕೆಲವು ಕಡೆ ಅಷ್ಟಕ್ಕೇ ಇಲ್ಲ ಎಂದಾಗುತ್ತದೆ. ಎರಡೂ ಕಡೆ ಒಂದು ಹುಡುಗಿಯ ನಾಲ್ಕು ವರ್ಷದ ವಿಷಯ ಗೊತ್ತಿಲ್ಲದೆಯೇ ತೀರ್ಮಾನವಾದಂತಾಯಿತು. ಅದಕ್ಕಾಗಿ ಈ ಸಲದ ಪಾಠಕ್ಕೆ ಇದೇ ವಿಷಯ ತೆಗೆದುಕೊಂಡಿದ್ದೇವೆ. ಸ್ವಲ್ಪ ಉದ್ದವಾಗಿದೆ, ಎರಡು ಸಭೆಗಳಲ್ಲಿ ಓದಿದರೂ ಆದೀತು.

ಹಾಲಿನ ಸೊಸೈಟಿಯಿಂದ ಶುರು ಮಾಡೋಣ

ಐ.ಓ.ಟಿ. ಎಂದರೆ ‘ಇಂಟರ್ನೆಟ್ ಆಫ್ ಥಿಂಗ್ಸ್’. ವಸ್ತುಗಳ ಅಂತರ್ಜಾಲ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಕೇಳಿದರೆ ಏನೂ ತಿಳಿಯುವುದಿಲ್ಲ, ನಮಗೂ ಮೊದಲ ಸಲ ಓದಿದಾಗ ಹಾಗೇ ಆಯಿತು. ಆದ್ದರಿಂದ ಹೆಸರು ಬಿಡಿ, ಕೆಲಸ ನೋಡೋಣ.

ನಿಮ್ಮಲ್ಲಿ ತುಂಬಾ ಜನ ಸೊಸೈಟಿಗೆ ಹಾಲು ಹಾಕುವವರು. ಹಲವು ಕಡೆ ಹಾಲನ್ನು ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ತಂಪು ಮಾಡಿ ಇಡುತ್ತಾರೆ. ಬಲ್ಕ್ ಕೂಲರ್ ಅಂತ ಹೇಳ್ತಾರಲ್ಲ, ಅದೇ. ಕರೆದ ಹಾಲಿಗೆ ದನದ ಮೈಯ ಬಿಸಿ ಇರುತ್ತದೆ. ಅದನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಸಿದರೆ ಹಾಲು ಕೆಡಿಸುವ ಅಣುಜೀವಿಗಳ ಬೆಳವಣಿಗೆ ನಿಧಾನವಾಗುತ್ತದೆ. ರಾತ್ರಿ ಕರೆಂಟು ಹೋಯಿತು, ಜನರೇಟರ್ ತಾನಾಗಿ ಶುರುವಾಗಲಿಲ್ಲ, ಯಾರೂ ನೋಡಲಿಲ್ಲ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಟ್ಯಾಂಕಿನ ಹಾಲೆಲ್ಲ ಹಾಳು. ನಷ್ಟ ಹಾಲು ಹಾಕಿದ ಎಲ್ಲರದ್ದೂ.

ಈಗ ಆ ಟ್ಯಾಂಕಿಗೆ ಬಿಸಿ-ತಂಪು ಅಳೆಯುವ ಒಂದು ಚಿಕ್ಕ ಸಾಧನ ಇಡುತ್ತಾರೆ. ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಸೆನ್ಸರಿನಿಂದ ಒಂದು ತಂತಿ ಸಣ್ಣ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆಯೊಳಗೆ ಬೆರಳಗಲದ ಒಂದು ಕಂಪ್ಯೂಟರ್ ಮತ್ತು ನಮ್ಮ ಮೊಬೈಲಿನಲ್ಲಿರುವಂಥದೇ ಸಿಮ್. ಹತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆ ಟ್ಯಾಂಕಿನ ತಾಪಮಾನವನ್ನು ದೂರದ ಒಂದು ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿ ಅದು ದಾಖಲಾಗುತ್ತದೆ. ತಾಪಮಾನ 6 ಡಿಗ್ರಿ ದಾಟಿದರೆ ಕಾರ್ಯದರ್ಶಿಯ ಮೊಬೈಲು ಗಂಟೆ ಹೊಡೆಯುತ್ತದೆ. ಅವರು ಎದ್ದು ಹೋಗಿ ಜನರೇಟರ್ ಹಾಕುತ್ತಾರೆ, ಅಥವಾ ಪೆಟ್ಟಿಗೆಯೇ ಹಾಕಿಬಿಡುತ್ತದೆ.

ಅಳೆಯುವುದು, ಕಳಿಸುವುದು, ಕೂಡಿಡುವುದು, ನೋಡಿ ತೀರ್ಮಾನಿಸುವುದು. ಐ.ಓ.ಟಿ. ಎಂದರೆ ಇಷ್ಟೇ. ಇದೇ ಕೆಲಸವನ್ನು ಕಾರ್ಖಾನೆಯ ಯಂತ್ರಗಳಲ್ಲಿ, ನೀರು ಸರಬರಾಜಿನಲ್ಲಿ, ಗ್ಯಾಸ್ ಪೈಪಿನಲ್ಲಿ ಮಾಡಿದರೆ ಅದಕ್ಕೆ ಔದ್ಯಮಿಕ ಐ.ಓ.ಟಿ. ಎಂದು ಹೆಸರು. ನಮ್ಮ ಹೆಣ್ಣುಮಕ್ಕಳು ಕಾಲೇಜಿನಲ್ಲಿ ಓದುತ್ತೇವೆ ಎನ್ನುತ್ತಿರುವುದು ಇದನ್ನೇ.

ಎಲ್ಲಿಂದ ಬಂತು

1980ರ ದಶಕದ ಆರಂಭದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಕಾರ್ನೆಗಿ ಮೆಲ್ಲನ್ ವಿಶ್ವವಿದ್ಯಾಲಯದಲ್ಲಿ ಒಂದು ತಮಾಷೆ ನಡೆಯಿತು. ಕಂಪ್ಯೂಟರ್ ವಿಭಾಗದವರಿಗೆ ತಂಪುಪಾನೀಯದ ಯಂತ್ರ ದೂರ. ಅಷ್ಟು ದೂರ ನಡೆದುಹೋದರೆ ಒಮ್ಮೊಮ್ಮೆ ಖಾಲಿ, ಒಮ್ಮೊಮ್ಮೆ ಈಗಷ್ಟೇ ತುಂಬಿಸಿದ ಬಿಸಿ ಬಾಟಲಿ. ಅವರು ಯಂತ್ರಕ್ಕೆ ತಂತಿ ಜೋಡಿಸಿ, ಯಾವ ಸಾಲಿನಲ್ಲಿ ಬಾಟಲಿ ಇದೆ, ತುಂಬಿಸಿ ಎಷ್ಟು ಹೊತ್ತಾಯಿತು ಎಂಬುದನ್ನು ಕೂತಲ್ಲೇ ಕಂಪ್ಯೂಟರಿನಲ್ಲಿ ನೋಡುವ ಹಾಗೆ ಮಾಡಿಕೊಂಡರು. ಸೋಮಾರಿತನದಿಂದ ಹುಟ್ಟಿದ್ದು ಎನ್ನಬಹುದು. ಆದರೂ ಜಾಲಕ್ಕೆ ಜೋಡಿಸಿದ ಮೊದಲ ವಸ್ತುಗಳಲ್ಲಿ ಇದು ಒಂದು ಎಂದು ಇವತ್ತಿಗೂ ಪಾಠದಲ್ಲಿ ಹೇಳುತ್ತಾರೆ.

‘ಇಂಟರ್ನೆಟ್ ಆಫ್ ಥಿಂಗ್ಸ್’ ಎಂಬ ಹೆಸರು ಕೊಟ್ಟವರು ಕೆವಿನ್ ಆಷ್ಟನ್ ಎಂಬ ಬ್ರಿಟಿಷ್ ವ್ಯಕ್ತಿ, 1999ರಲ್ಲಿ. ಅವರು ಸೌಂದರ್ಯ ಸಾಧನಗಳನ್ನು ಮಾರುವ ಕಂಪೆನಿಯಲ್ಲಿದ್ದರು. ಒಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯ ಕಪಾಟಿನಲ್ಲಿ ಯಾವಾಗಲೂ ಖಾಲಿ, ಖಾಲಿಯಾದದ್ದು ಕಂಪೆನಿಗೆ ಗೊತ್ತೇ ಆಗುತ್ತಿರಲಿಲ್ಲ. ಪ್ರತಿ ವಸ್ತುವಿಗೂ ಸಣ್ಣ ಚಿಪ್ ಅಂಟಿಸಿದರೆ ಕಪಾಟೇ ಸುದ್ದಿ ಕಳಿಸಬಹುದಲ್ಲ ಎಂಬುದು ಅವರ ಯೋಚನೆ.

ಅದೇ 1999ರಲ್ಲಿ ಇನ್ನೊಂದು ಕೆಲಸವಾಯಿತು, ಇದು ಹೆಚ್ಚು ಜನರಿಗೆ ಗೊತ್ತಿಲ್ಲ. ಮರುಭೂಮಿಯಂಥ ನಿರ್ಜನ ಜಾಗಗಳಲ್ಲಿ ಹಾದುಹೋಗುವ ಎಣ್ಣೆ ಪೈಪುಗಳನ್ನು ಉಪಗ್ರಹದ ಮೂಲಕ ಗಮನಿಸಬೇಕಿತ್ತು. ಉಪಗ್ರಹದಲ್ಲಿ ಒಂದೊಂದು ಅಕ್ಷರ ಕಳಿಸಲೂ ದುಬಾರಿ. ಮಿಸ್ಡ್ ಕಾಲ್ ಕೊಟ್ಟು ಕೆಲಸ ಮುಗಿಸುತ್ತಿದ್ದ ಕಾಲ ನಮಗೆಲ್ಲ ನೆನಪಿದೆಯಲ್ಲ, ಆ ಥರದ ಜಿಪುಣತನ ಇಲ್ಲೂ ಬೇಕಿತ್ತು. ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬ ಇಬ್ಬರು ಅದಕ್ಕಾಗಿ ‘ಎಂ.ಕ್ಯೂ.ಟಿ.ಟಿ.’ ಎಂಬ ಸಂದೇಶದ ಪದ್ಧತಿ ರೂಪಿಸಿದರು. ನಮ್ಮ ಒಕ್ಕೂಟದ ನೋಟಿಸ್ ಬೋರ್ಡಿನ ಹಾಗೆ ಅದು. ಸುದ್ದಿ ಇರುವವರು ಬೋರ್ಡಿನಲ್ಲಿ ಒಂದು ಸಾಲು ಅಂಟಿಸಿ ಹೋಗುತ್ತಾರೆ. ಬೇಕಾದವರು ‘ನನಗೆ ಸಾಲದ ಸುದ್ದಿ ಮಾತ್ರ ಹೇಳಿ’ ಎಂದು ಮೊದಲೇ ಬರೆಸಿರುತ್ತಾರೆ, ಅವರಿಗೆ ಅದು ಮಾತ್ರ ಹೋಗುತ್ತದೆ. ಹಾಕುವವರಿಗೂ ಓದುವವರಿಗೂ ಪರಸ್ಪರ ಪರಿಚಯವೇ ಬೇಕಿಲ್ಲ. ಇವತ್ತು ಐ.ಓ.ಟಿ. ತರಗತಿಯಲ್ಲಿ ಮಕ್ಕಳು ಬೇಗನೆ ಕಲಿಯುವ ವಿಷಯಗಳಲ್ಲಿ ಇದೂ ಒಂದು.

2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ‘ಇಂಡಸ್ಟ್ರಿ 4.0’ ಎಂಬ ಹೆಸರು ಹೊರಬಂತು. ಉಗಿಯಂತ್ರ ಒಂದು, ವಿದ್ಯುತ್ತು ಎರಡು, ಕಂಪ್ಯೂಟರ್ ಮೂರು, ಜಾಲಕ್ಕೆ ಜೋಡಿಸಿದ ಯಂತ್ರ ನಾಲ್ಕು ಎಂಬ ಲೆಕ್ಕ. ಕಾಲೇಜುಗಳ ಜಾಹೀರಾತಿನಲ್ಲಿ ನೀವು ನೋಡುವ 4.0 ಇಲ್ಲಿಂದ ಬಂದದ್ದು.

ಕಾರ್ಖಾನೆಗೆ ಇದು ಯಾಕೆ ಬೇಕು

ಮಿಕ್ಸಿ ಹಾಳಾಗುವ ಮೊದಲು ಅದರ ಸದ್ದು ಬದಲಾಗುತ್ತದೆ. ಗ್ರೈಂಡರ್ ಬಳಸುವವರಿಗೆ, ಹೊಲಿಗೆ ಮೆಷಿನು ತುಳಿಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. “ಇವತ್ತು ಏನೋ ಗರಗರ ಅಂತಿದೆ” ಎಂದು ನಾವೇ ನಿಲ್ಲಿಸಿ ನೋಡುತ್ತೇವೆ. ಕಾರ್ಖಾನೆಯ ದೊಡ್ಡ ಮೋಟಾರಿಗೂ ಹಾಗೆಯೇ. ಒಳಗಿನ ಬೇರಿಂಗ್ ಸವೆಯತೊಡಗಿದರೆ ನಡುಕ ಬದಲಾಗುತ್ತದೆ, ಮೈ ಬಿಸಿಯಾಗುತ್ತದೆ, ಎಳೆಯುವ ಕರೆಂಟೂ ಬದಲಾಗಬಹುದು. ಒಬ್ಬ ಹಳೆಯ ಮೆಕ್ಯಾನಿಕ್ ಕೈಯಿಟ್ಟು ನೋಡಿ ಹೇಳಬಲ್ಲ. ಆದರೆ ನೂರಾರು ಮೋಟಾರಿದ್ದರೆ ಹಗಲೂ ರಾತ್ರಿ ಎಲ್ಲದರ ಮೇಲೂ ಯಾರು ಕೈಯಿಡುತ್ತಾರೆ?

ಮೊದಲೆಲ್ಲ ಯಂತ್ರ ಕೆಟ್ಟ ಮೇಲೆ ರಿಪೇರಿ. ಆಮೇಲೆ ತಿಂಗಳ ಲೆಕ್ಕದಲ್ಲಿ ಸರ್ವಿಸ್ ಮಾಡುವ ಪದ್ಧತಿ ಬಂತು. ಅದರಲ್ಲಿ ಚೆನ್ನಾಗಿರುವ ಭಾಗವನ್ನೂ ಬಿಚ್ಚಿ ಬದಲಿಸುವ ದಂಡ ಖರ್ಚು ಇದೆ. ಈಗ ನಡುಕ ಅಳೆಯುವ ಸೆನ್ಸರ್ ಇಟ್ಟು, ಯಂತ್ರದ ಸ್ಥಿತಿ ನೋಡಿಕೊಂಡು, ಬೇಕಾದಾಗ ಮಾತ್ರ ಬಿಚ್ಚುತ್ತಾರೆ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಹಂಗಾಮಿನ ಮಧ್ಯೆ ಎರಡು ದಿನ ನಿಂತರೆ ಕಾರ್ಖಾನೆಗೂ ನಷ್ಟ, ಗಾಡಿಯಲ್ಲಿ ಕಬ್ಬು ಒಣಗಿಸಿಕೊಂಡು ನಿಂತ ರೈತನಿಗೂ ನಷ್ಟ. ಔದ್ಯಮಿಕ ಐ.ಓ.ಟಿ.ಗೆ ಕಂಪೆನಿಗಳು ದುಡ್ಡು ಹಾಕುವುದಕ್ಕೆ ಇದು ಬಲವಾದ ಕಾರಣ.

ನಮ್ಮ ಕರಾವಳಿಯ ಒಂದು ಉದಾಹರಣೆ ಕೊಡುತ್ತೇವೆ. ಗೇರುಬೀಜ ಕಾರ್ಖಾನೆಯಲ್ಲಿ ದುಡಿದ ಅಕ್ಕಂದಿರು ನಮ್ಮ ಸಂಘಗಳಲ್ಲಿ ಬಹಳ ಜನ ಇದ್ದೀರಿ. ಚಿಪ್ಪು ಒಡೆದು ತೆಗೆದ ತಿರುಳನ್ನು ಬೋರ್ಮಾದಲ್ಲಿ ಒಣಗಿಸುತ್ತಾರಲ್ಲ, ಅಲ್ಲಿ ಶಾಖ ಕಡಿಮೆಯಾದರೆ ಮೇಲಿನ ಕೆಂಪು ಸಿಪ್ಪೆ ಬಿಡುವುದಿಲ್ಲ. ಹೆಚ್ಚಾದರೆ ತಿರುಳು ಕಂದುತ್ತದೆ, ಸಿಪ್ಪೆ ತೆಗೆಯುವಾಗ ತುಂಡಾಗುತ್ತದೆ. ಇಡೀ ಬೀಜಕ್ಕೂ ತುಂಡಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಎಂದು ನಿಮಗೇ ಗೊತ್ತು. ಬೋರ್ಮಾದ ಬೇರೆ ಬೇರೆ ಮೂಲೆಯಲ್ಲಿ ಶಾಖ ಮತ್ತು ತೇವ ಅಳೆಯುವ ನಾಲ್ಕಾರು ಸೆನ್ಸರ್ ಇಟ್ಟರೆ ಯಾವ ತಟ್ಟೆ ಎಲ್ಲಿ ಹೆಚ್ಚು ಒಣಗುತ್ತಿದೆ ಎಂದು ಕಾಣುತ್ತದೆ. ಇಂಜಿನಿಯರಿಂಗ್ ಹುಡುಗಿಯೊಬ್ಬಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದು ಬಹಳ ಚೆನ್ನಾದ ವಿಷಯ. ಆದರೆ ಸೆನ್ಸರ್ ತೋರಿಸುವ ಅಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಆ ಹುಡುಗಿಗೆ ಹೇಳಬೇಕಾದವರು ಯಾರು? ಬೀಜವನ್ನು ಬೆರಳಲ್ಲಿ ಒತ್ತಿ ನೋಡಿ ‘ಇನ್ನು ಸ್ವಲ್ಪ ಹೊತ್ತು ಬೇಕು’ ಎನ್ನುವ ನೀವೇ. ಯಂತ್ರವನ್ನು ಬಲ್ಲವರ ಜೊತೆ ಕೂತು ಮಾತಾಡದ ಇಂಜಿನಿಯರು ಎಷ್ಟು ಸೆನ್ಸರ್ ಇಟ್ಟರೂ ಬರೀ ಅಂಕಿ ಬರುತ್ತದೆ, ಅರ್ಥ ಬರುವುದಿಲ್ಲ.

ನಾಲ್ಕು ವರ್ಷ ಏನು ಓದುತ್ತಾರೆ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಆರಂಭವಾಯಿತು. ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಅದರಡಿಯಲ್ಲಿವೆ. ಕೆಲವು ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸಿನೊಳಗೆ ಐ.ಓ.ಟಿ. ಮತ್ತು ಸೈಬರ್ ಭದ್ರತೆ ಸೇರಿದ ಪ್ರತ್ಯೇಕ ಶಾಖೆಯೇ ಇದೆ. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಓದುವವರಿಗೂ ಇದರ ಪಾಠಗಳು ಸಿಗುತ್ತವೆ.

ಮೊದಲ ವರ್ಷ ಯಾವ ಶಾಖೆಯಾದರೂ ಗಣಿತ, ಭೌತಶಾಸ್ತ್ರ, ವಿದ್ಯುತ್ತಿನ ಮೂಲಪಾಠ, ಸ್ವಲ್ಪ ಪ್ರೋಗ್ರಾಮಿಂಗ್. ಹೆಣ್ಣುಮಕ್ಕಳು “ಐ.ಓ.ಟಿ. ಅಂತ ಸೇರಿದೆ, ಇಲ್ಲಿ ಬರೀ ಗಣಿತ” ಎಂದು ಮನೆಗೆ ಫೋನು ಮಾಡಿ ಅಳುವುದು ಈ ವರ್ಷದಲ್ಲೇ. ತಾಯಂದಿರು ಹೆದರಬೇಡಿ. ನಡುಕದ ಅಂಕಿಗಳಿಂದ ರೋಗ ಪತ್ತೆ ಹಚ್ಚುವುದು ಕೊನೆಗೆ ಗಣಿತದಿಂದಲೇ.

ಆಮೇಲೆ ಸರ್ಕ್ಯೂಟು, ಚಿಕ್ಕ ಕಂಪ್ಯೂಟರ್ ಹಲಗೆಗಳು, ಸೆನ್ಸರುಗಳು, ಜಾಲ, ದತ್ತಾಂಶ ಕೂಡಿಡುವ ವಿಧಾನ ಬರುತ್ತವೆ. ಹಲಗೆ ಎಂದರೆ ಅಂಗೈಯಲ್ಲಿ ಹಿಡಿಯುವಂಥ ಹಸಿರು-ನೀಲಿ ಪ್ಲೇಟು. ಅವುಗಳಲ್ಲಿ ಆರ್ಡುಯಿನೊ ಎಂಬುದು 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಸಣ್ಣ ಪಟ್ಟಣದಲ್ಲಿ, ಇಂಜಿನಿಯರಿಂಗ್ ಗೊತ್ತಿಲ್ಲದ ವಿನ್ಯಾಸ ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದು. ರಾಸ್ಪ್‌ಬೆರಿ ಪೈ 2012ರಲ್ಲಿ ಇಂಗ್ಲೆಂಡಿನಿಂದ ಬಂತು, ಮಕ್ಕಳು ಕಂಪ್ಯೂಟರ್ ಕಲಿಯಲಿ ಎಂದೇ. ಚೀನಾದ ಕಂಪೆನಿಯೊಂದರ ಇ.ಎಸ್.ಪಿ. ಹಲಗೆಗಳಲ್ಲಿ ವೈಫೈ ಒಳಗೇ ಇದೆ, ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಮೊದಲ ದಿನದ ಪಾಠ ಒಂದು ಸಣ್ಣ ದೀಪ ಮಿನುಗಿಸುವುದು. ಮುಂದೆ ಕೋಣೆಯ ತಾಪಮಾನ ಅಳೆದು ಮೊಬೈಲಿಗೆ ಕಳಿಸುವುದು.

ಇಲ್ಲಿಯವರೆಗೆ ಮನೆಯಲ್ಲೂ ಕಲಿಯಬಹುದು. ಕಾರ್ಖಾನೆಯ ಪಾಠ ಬೇರೆಯೇ. ಅಲ್ಲಿ ಧೂಳು, ಎಣ್ಣೆ, ಶಾಖ. ಪಕ್ಕದಲ್ಲೇ ದೊಡ್ಡ ಮೋಟಾರು ಶುರುವಾದರೆ ಸಣ್ಣ ತಂತಿಯ ಸಂಕೇತವೆಲ್ಲ ಕಲಸಿಹೋಗುತ್ತದೆ. ಅಲ್ಲಿ ಬಳಸುವ ಕಂಪ್ಯೂಟರ್ ಪಿ.ಎಲ್.ಸಿ. ಎಂಬುದು, 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳಿಗಾಗಿ ಬಂದದ್ದು, ಗಟ್ಟಿಮುಟ್ಟು. ಅದರ ಮಾತಿನ ಪದ್ಧತಿಗಳೂ ಹಳೆಯವು. ಮಾಡ್‌ಬಸ್ ಎಂಬುದು 1979ರದ್ದು, ಇಂದಿಗೂ ಬಳಕೆಯಲ್ಲಿದೆ.

ಈ ಪಾಠದಲ್ಲಿ ನಮಗೆ ಬಹಳ ಹಿಡಿಸಿದ ಒಂದು ಸಂಗತಿ ಇದೆ, ಬಿಡಿಸಿ ಹೇಳುತ್ತೇವೆ. ಕಾರ್ಖಾನೆಯ ಸೆನ್ಸರುಗಳು ಅಳತೆಯನ್ನು ಕರೆಂಟಿನ ರೂಪದಲ್ಲಿ ಕಳಿಸುತ್ತವೆ. ಟ್ಯಾಂಕು ಪೂರ್ತಿ ತುಂಬಿದ್ದರೆ 20 ಮಿಲಿ ಆಂಪಿಯರ್. ಪೂರ್ತಿ ಖಾಲಿ ಇದ್ದರೆ? ಸೊನ್ನೆ ಎಂದು ನಾವು ಹೇಳುತ್ತೇವೆ. ಅಲ್ಲ, ಖಾಲಿಗೆ 4. ಯಾಕೆಂದರೆ ಸೊನ್ನೆ ಬಂದರೆ ಟ್ಯಾಂಕು ಖಾಲಿಯೋ ತಂತಿ ತುಂಡಾಗಿದೆಯೋ ಎಂದು ಗೊತ್ತಾಗುವುದಿಲ್ಲ. ಖಾಲಿ ಎಂಬುದಕ್ಕೂ ಒಂದು ಸಂಕೇತ ಇಟ್ಟರೆ, ಸೊನ್ನೆ ಬಂದ ಕೂಡಲೇ ತಂತಿ ನೋಡಲು ಓಡಬಹುದು. ಸಭೆಗೆ ಬಂದು ಸುಮ್ಮನೆ ಕೂತ ಸದಸ್ಯೆಗೂ ಸಭೆಗೇ ಬಾರದ ಸದಸ್ಯೆಗೂ ಹಾಜರಿ ಪುಸ್ತಕದಲ್ಲಿ ವ್ಯತ್ಯಾಸ ಇರಬೇಕಲ್ಲವೇ, ಹಾಗೆ. ಇಂಥ ಸಣ್ಣ ಸಣ್ಣ ವಿವೇಕಗಳನ್ನು ಕಲಿಸುವ ಕಾಲೇಜೇ ಒಳ್ಳೆಯ ಕಾಲೇಜು ಎಂದು ನಮ್ಮ ಅಭಿಪ್ರಾಯ.

ಕೊನೆಯ ಹಂತದಲ್ಲಿ ಭದ್ರತೆಯ ಪಾಠವಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕಳ್ಳ ಪ್ರೋಗ್ರಾಮು ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳನ್ನು ಅಡ್ಡಾದಿಡ್ಡಿ ತಿರುಗಿಸಿ, ನೋಡುವವರಿಗೆ ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತಿತ್ತು. 2016ರಲ್ಲಿ ಮಿರಾಯ್ ಎಂಬ ಇನ್ನೊಂದು ಪ್ರೋಗ್ರಾಮು ಮನೆ-ಅಂಗಡಿಗಳ ಲಕ್ಷಾಂತರ ಕ್ಯಾಮೆರಾ ಮುಂತಾದ ಸಾಧನಗಳ ಒಳಹೊಕ್ಕಿತು. ದಾರಿ ಬಹಳ ಸುಲಭ: ಕಂಪೆನಿ ಹಾಕಿಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ನಿಮ್ಮ ಮನೆಯಲ್ಲಿ ವೈಫೈ ಪೆಟ್ಟಿಗೆ ಇದ್ದರೆ ಅದರ ಪಾಸ್‌ವರ್ಡ್ ಇವತ್ತೇ ಬದಲಿಸಲು ಮಕ್ಕಳಿಗೆ ಹೇಳಿ.

ಒಳಗೆ ಹೋಗಲು ಬಾಗಿಲುಗಳು ಹಲವು

ನಾಲ್ಕು ವರ್ಷದ ಇಂಜಿನಿಯರಿಂಗ್ ಒಂದೇ ದಾರಿ ಎಂದು ತಿಳಿದು ಎಷ್ಟೋ ಮನೆಯವರು ಎದೆ ಒಡೆದುಕೊಳ್ಳುತ್ತಾರೆ. ಹಾಗಿಲ್ಲ. ಹತ್ತನೇ ತರಗತಿ ಮುಗಿಸಿ ಮೂರು ವರ್ಷದ ಡಿಪ್ಲೊಮಾ ಮಾಡಬಹುದು. ಅದಾದ ಮೇಲೆ ಡಿಸಿಇಟಿ ಪರೀಕ್ಷೆ ಬರೆದು ನೇರವಾಗಿ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಎರಡು ವರ್ಷದ ಐ.ಟಿ.ಐ. ಮಾಡಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿ ಇದೆ. ಏಣಿ ನಿಧಾನದ್ದು, ಆದರೆ ಒಂದೊಂದು ಮೆಟ್ಟಿಲಲ್ಲೂ ನಿಂತು ಸಂಬಳ ತೆಗೆದುಕೊಳ್ಳುವ ಅವಕಾಶ ಇದೆ. ಬಡ ಮನೆಗೆ ಇದು ಸಣ್ಣ ವಿಷಯವಲ್ಲ.

ಕರ್ನಾಟಕ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ 150 ಸರ್ಕಾರಿ ಐ.ಟಿ.ಐ.ಗಳು 2022ರಲ್ಲಿ ಉದ್ಘಾಟನೆಯಾದವು. ಹತ್ತಿರದ ಐ.ಟಿ.ಐ. ಆ ಪಟ್ಟಿಯಲ್ಲಿದೆಯೇ ವಿಚಾರಿಸಿ. ಐ.ಟಿ.ಐ.ಗಳ ರಾಷ್ಟ್ರೀಯ ಪಟ್ಟಿಯಲ್ಲಿ ಐ.ಓ.ಟಿ. ಟೆಕ್ನಿಷಿಯನ್ ಎಂಬ ಟ್ರೇಡೂ ಇದೆ, ಎಲ್ಲ ಕಡೆ ನಡೆಯುವುದಿಲ್ಲ. ಜಿ.ಟಿ.ಟಿ.ಸಿ. ಎಂಬ ಸರ್ಕಾರಿ ಸಂಸ್ಥೆ 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ ಈಗ ಮಂಗಳೂರೂ ಸೇರಿ ಹಲವೆಡೆ ಇದೆ. ಅಲ್ಲಿಯ ಮೆಕಾಟ್ರಾನಿಕ್ಸ್ ಡಿಪ್ಲೊಮಾದಲ್ಲಿ ಯಂತ್ರ ಮತ್ತು ಎಲೆಕ್ಟ್ರಾನಿಕ್ಸ್ ಎರಡನ್ನೂ ಕೈಯಿಂದ ಮಾಡಿ ಕಲಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಂತೂ ಇದರ ಸಂಶೋಧನೆಗೇ ಒಂದು ಮಾದರಿ ಕಾರ್ಖಾನೆ ಇದೆ. ಅದು ದೊಡ್ಡ ಓದು ಓದುವವರಿಗೆ.

ಇನ್ನು, ಸೇರುವ ಮೊದಲು ರುಚಿ ನೋಡಬೇಕೆಂದರೆ ಅದಕ್ಕೂ ದಾರಿ ಇದೆ. ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯಲ್ಲಿ ಐ.ಐ.ಟಿ.ಗಳ ಅಧ್ಯಾಪಕರ ಪಾಠಗಳು ವಿಡಿಯೊ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಖರಗ್‌ಪುರ ಐ.ಐ.ಟಿ.ಯ ಪ್ರೊ. ಸುದೀಪ್ ಮಿಶ್ರಾ ಅವರು ಇಂಡಸ್ಟ್ರಿ 4.0 ಮತ್ತು ಔದ್ಯಮಿಕ ಐ.ಓ.ಟಿ. ಬಗ್ಗೆಯೇ 12 ವಾರಗಳ ಪಾಠ ಮಾಡಿದ್ದಾರೆ. ಪಾಠ ಇಂಗ್ಲಿಷಿನಲ್ಲಿದೆ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆದರಾಯಿತು. ರಜೆಯಲ್ಲಿ ಮಗಳು ಮೊದಲ ಎರಡು ವಾರದ ಪಾಠ ನೋಡಲಿ. ನಿದ್ದೆ ಬಂದರೆ ಈಗಲೇ ಗೊತ್ತಾಗುವುದು ಒಳ್ಳೆಯದು!

ಕಾಲೇಜು ನೋಡಲು ಹೋದಾಗ ಹೆಸರಿಗೆ ಮರುಳಾಗಬೇಡಿ. ‘ಐ.ಓ.ಟಿ.’ ಎಂದು ಬೋರ್ಡು ಹಾಕಿರುವ ಶಾಖೆಗಿಂತ ಗಟ್ಟಿಯಾದ ಹಳೆಯ ಎಲೆಕ್ಟ್ರಾನಿಕ್ಸ್ ಶಾಖೆ ಎಷ್ಟೋ ಮೇಲು ಎಂದು ನಮಗನಿಸುತ್ತದೆ. ಲ್ಯಾಬ್ ತೋರಿಸಿ ಎಂದು ಕೇಳಿ, ನಾಚಿಕೆ ಬೇಡ. ಒಂದು ಹಲಗೆಗೆ ಎಷ್ಟು ಮಕ್ಕಳು? ಪಿ.ಎಲ್.ಸಿ. ಇದೆಯೇ, ಇದ್ದರೆ ಮಕ್ಕಳು ಮುಟ್ಟುತ್ತಾರೆಯೇ ಅಥವಾ ಗಾಜಿನ ಕಪಾಟಿನಲ್ಲಿದೆಯೇ? ಇಂಟರ್ನ್‌ಶಿಪ್‌ಗೆ ಯಾವ ಕಾರ್ಖಾನೆಗೆ ಕಳಿಸುತ್ತಾರೆ? ಹೋದ ವರ್ಷ ಮುಗಿಸಿದ ಹುಡುಗಿಯರು ಈಗ ಎಲ್ಲಿದ್ದಾರೆ, ಒಬ್ಬಳ ಜೊತೆ ಮಾತಾಡಬಹುದೇ? ನೀವು ದನ ಕೊಳ್ಳುವಾಗ ಹಲ್ಲು ನೋಡಿ, ಕರೆದು ನೋಡಿ ಕೊಳ್ಳುತ್ತೀರಿ. ಲಕ್ಷಗಟ್ಟಲೆ ಕೊಡುವಲ್ಲಿ ಕೇಳಲು ಹಿಂಜರಿಯುವುದೇಕೆ?

ದುಡ್ಡಿನ ವಿಚಾರ

ಇದನ್ನು ಸಂಘ ನಿಧಾನವಾಗಿ ಓದಬೇಕು. ಸಂಘದ ಸಾಲಕ್ಕೆ ಮುಂದಿನ ತಿಂಗಳಿನಿಂದಲೇ ಕಂತು. 50,000 ರೂ. ತೆಗೆದು 20 ಕಂತು ಎಂದರೆ ತಿಂಗಳಿಗೆ 2,500 ಅಸಲು. ನೂರಕ್ಕೆ ತಿಂಗಳಿಗೆ 1 ರೂ. ಬಡ್ಡಿ, ಉಳಿದ ಅಸಲಿನ ಮೇಲೆ ಎಂದು ಹಿಡಿದರೂ ಮೊದಲ ತಿಂಗಳು 3,000 ಕಟ್ಟಬೇಕು. ಮುಗಿಯುವಾಗ ಬಡ್ಡಿಯೇ 5,250 ಆಗಿರುತ್ತದೆ. ಅದು ತೀರುವ ಹೊತ್ತಿಗೆ ಮಗಳು ಇನ್ನೂ ಎರಡನೇ ವರ್ಷದಲ್ಲಿರುತ್ತಾಳೆ, ಒಂದು ರೂಪಾಯಿ ದುಡಿದಿರುವುದಿಲ್ಲ. ಆಗ ಮತ್ತೊಂದು ಸಾಲ. ಬೀಡಿ ಕಟ್ಟಿ, ಮನೆಕೆಲಸ ಮಾಡಿ ತಾಯಿಯೇ ಕಟ್ಟಬೇಕು.

ಬ್ಯಾಂಕಿನ ಶಿಕ್ಷಣ ಸಾಲದ ಕ್ರಮ ಬೇರೆ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದ ನಂತರ ಕಂತು ಶುರು. 4 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವ ಹಾಗಿಲ್ಲ. ಬ್ಯಾಂಕಿನಲ್ಲಿ ಯಾರಾದರೂ ಜಾಗದ ಪತ್ರ ತನ್ನಿ ಎಂದರೆ, ನಿಯಮ ತೋರಿಸಿ ಎಂದು ವಿನಯದಿಂದಲೇ ಕೇಳಿ, ಒಕ್ಕೂಟದ ಪದಾಧಿಕಾರಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬಡ್ಡಿ ಮಾತ್ರ ಓದುವ ಕಾಲದಲ್ಲೂ ಬೆಳೆಯುತ್ತಿರುತ್ತದೆ ಎಂಬುದನ್ನು ಮರೆಯಬೇಡಿ.

ಸಾಲಕ್ಕಿಂತ ಮೊದಲು ವಿದ್ಯಾರ್ಥಿವೇತನ. ಎ.ಐ.ಸಿ.ಟಿ.ಇ.ಯ ‘ಪ್ರಗತಿ’ ಎಂಬ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೇ ಮೀಸಲು. ವರ್ಷಕ್ಕೆ 50,000 ರೂ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ. ಡಿಪ್ಲೊಮಾ, ಡಿಗ್ರಿ ಎರಡಕ್ಕೂ ಇದೆ. ಅರ್ಜಿ ಹಾಕಬೇಕಾದದ್ದು ಸೇರಿದ ಮೊದಲ ವರ್ಷದಲ್ಲಿ, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರು ಆ ವರ್ಷದಲ್ಲಿ. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಆದರೂ ಹಾಕಿ. ರಾಜ್ಯ ಸರ್ಕಾರದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ಜಾತಿ, ಆದಾಯಕ್ಕೆ ತಕ್ಕ ವಿದ್ಯಾರ್ಥಿವೇತನಗಳಿವೆ. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಮಗಳ ಹೆಸರಿನ ಬ್ಯಾಂಕ್ ಖಾತೆ ಇವನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ.

ಹಾಗಾದರೆ ಸಂಘದ ಸಾಲ ಯಾವುದಕ್ಕೆ? ಬ್ಯಾಂಕಿನ ದುಡ್ಡು ಬರುವವರೆಗಿನ ನಡುವಿನ ತಿಂಗಳಿಗೆ. ಹಾಸ್ಟೆಲ್ ಅಡ್ವಾನ್ಸಿಗೆ, ಹಳೆಯ ಲ್ಯಾಪ್‌ಟಾಪಿಗೆ, ಸೀಟಿಗೆ ದುಡ್ಡು ಕಟ್ಟುವ ಕೊನೆಯ ದಿನ ನಾಳೆ ಎಂದು ಬಂದಾಗ. ಅಂಥ ಹೊತ್ತಿನಲ್ಲಿ ಸಂಘ ತಡಮಾಡಬಾರದು.

ಯಂತ್ರ ನೋಡುವ ಕಣ್ಣು ನಮ್ಮ ಮೇಲೂ ಬಿದ್ದರೆ

ಇದನ್ನು ಬರೆಯದೆ ಪಾಠ ಮುಗಿಸಲಾರೆವು. ಗಾರ್ಮೆಂಟ್ಸಿಗೆ ಹೋಗುವ ತಂಗಿಯರಿಗೆ ಗಂಟೆಗೆ ಎಷ್ಟು ಪೀಸು ಎಂದು ಬೋರ್ಡಿನಲ್ಲಿ ಬರೆಯುವುದು ಹೊಸದಲ್ಲ. ಸೂಪರ್‌ವೈಸರ್ ಬರೆಯುತ್ತಿದ್ದುದನ್ನು ಈಗ ಮೆಷಿನಿಗೆ ಜೋಡಿಸಿದ ಸೆನ್ಸರೋ ಬಟ್ಟೆಯ ಕಟ್ಟಿಗೆ ಹಾಕಿದ ಚಿಪ್ಪೋ ಕ್ಷಣಕ್ಷಣ ಬರೆಯಬಲ್ಲದು. ಎಷ್ಟು ಹೊತ್ತು ಮೆಷಿನು ನಿಂತಿತ್ತು ಎಂಬುದೂ ಅದರಲ್ಲಿರುತ್ತದೆ. ಯಾಕೆ ನಿಂತಿತು ಎಂಬುದು ಮಾತ್ರ ಇರುವುದಿಲ್ಲ. ದಾರ ತುಂಡಾಯಿತೋ, ಬಟ್ಟೆ ಬರಲಿಲ್ಲವೋ, ತಿಂಗಳ ದಿನಗಳಲ್ಲಿ ಎದ್ದು ಹೋಗಬೇಕಾಯಿತೋ, ಅಂಕಿಗೆ ಇದೆಲ್ಲ ಒಂದೇ.

ಅದೇ ಸೆನ್ಸರನ್ನು ಕೆಲಸ ಮಾಡುವ ಕೋಣೆಯ ಸೆಕೆ ಅಳೆಯಲು, ಹಬೆಯ ಪೈಪು ಬಿಸಿಯಾದರೆ ಎಚ್ಚರಿಸಲು, ಬೆಂಕಿಯ ಹೊಗೆ ಹಿಡಿಯಲು ಇಡಬಹುದು. ಎಲ್ಲಿ ಇಡಬೇಕು ಎಂಬುದನ್ನು ತೀರ್ಮಾನಿಸುವ ಕೋಣೆಯಲ್ಲಿ ಈಗ ಇರುವವರು ಹೆಚ್ಚಾಗಿ ಮೆಷಿನಿನ ಮುಂದೆ ಎಂದೂ ಕೂರದವರು. 2023ರಲ್ಲಿ ಸಂಸತ್ತು ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿದೆ, ಆದರೆ ಉದ್ಯೋಗದ ಉದ್ದೇಶಗಳಿಗೆ ಒಪ್ಪಿಗೆ ಕೇಳದೆ ಮಾಹಿತಿ ಬಳಸಲು ಅದರಲ್ಲಿ ಅವಕಾಶವೂ ಇದೆ. ಬರೀ ಕಾಯಿದೆಯನ್ನು ನಂಬಿ ಕೂರುವ ಹಾಗಿಲ್ಲ. ಗಾರ್ಮೆಂಟ್ಸ್ ತಾಯಿಯ ಮಗಳೊಬ್ಬಳು ಇಂಜಿನಿಯರಾಗಿ ಆ ಕೋಣೆಯಲ್ಲಿ ಕೂತರೆ ‘ನಿಂತ ಹೊತ್ತಿನ ಕಾರಣವನ್ನೂ ಬರೆಯುವ ಹಾಗೆ ಮಾಡೋಣ’ ಎಂದು ಹೇಳಿಯಾಳು ಎಂಬ ಆಸೆ ನಮಗಿದೆ. ಈ ಓದಿಗೆ ನಮ್ಮ ಮಕ್ಕಳು ಹೋಗಲಿ ಎಂದು ನಾವು ಒತ್ತಿ ಹೇಳುವುದರ ಹಿಂದೆ ಸಂಬಳದ ಲೆಕ್ಕದ ಜೊತೆಗೆ ಇದೂ ಇದೆ.

ಕೆಲಸ ಹೋಗುವ ಭಯವೂ ಸುಳ್ಳಲ್ಲ. ಮೀಟರ್ ಓದುವವರು, ಗೇಜು ನೋಡಿ ಪುಸ್ತಕದಲ್ಲಿ ಬರೆಯುವವರು, ಇಂಥವರ ಕೆಲಸ ಕಡಿಮೆಯಾಗುತ್ತದೆ. ಸೆನ್ಸರ್ ಹಾಕುವ, ತೊಳೆದು ಸರಿಮಾಡುವ, ಅಂಕಿ ತಪ್ಪಿದಾಗ ಹುಡುಕುವ ಕೆಲಸ ಹುಟ್ಟುತ್ತದೆ. ಆದರೆ ಹೋದ ಕೆಲಸ ಒಬ್ಬರದ್ದು, ಬಂದ ಕೆಲಸ ಇನ್ನೊಬ್ಬರದ್ದು. ಆ ಮೊದಲಿನವರು ನಿಮ್ಮ ಸಂಘದಲ್ಲೇ ಇದ್ದರೆ ಅವರ ಬಗ್ಗೆಯೂ ಸಭೆಯಲ್ಲಿ ಮಾತಾಗಲಿ.

ಸಭೆಯಲ್ಲಿ ಚರ್ಚಿಸಲು

ನೀವು ದಿನವೂ ಬಳಸುವ ಯಾವ ಯಂತ್ರ ಕೆಡುವ ಮೊದಲು ನಿಮಗೆ ಗೊತ್ತಾಗುತ್ತದೆ, ಹೇಗೆ? ಒಬ್ಬೊಬ್ಬರೂ ಒಂದೊಂದು ಹೇಳಿ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಂದ ಬರೆಸಿಡಿ. ನಿಮ್ಮ ಹಾಲಿನ ಸೊಸೈಟಿಯ ಕೂಲರಿನ ತಾಪಮಾನ ರಾತ್ರಿ ಯಾರು ನೋಡುತ್ತಾರೆ? ಕಾರ್ಯದರ್ಶಿಯವರನ್ನು ಕೇಳಿ ಬನ್ನಿ. ಈ ವರ್ಷ ನಿಮ್ಮ ಸಂಘದಲ್ಲಿ ಶಿಕ್ಷಣಕ್ಕೆಂದು ಕೊಟ್ಟ ಸಾಲಗಳಲ್ಲಿ ಎಷ್ಟು ಮನೆಯವರು ಮೊದಲು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದರು? ಹಾಕದವರ ಹೆಸರು ಬರೆದು, ಕಾಗದಪತ್ರದ ಕೆಲಸಕ್ಕೆ ಇಬ್ಬರು ಸದಸ್ಯೆಯರನ್ನು ನೇಮಿಸಿ ಠರಾವು ಮಾಡಿ. ಪಟ್ಟಿಯನ್ನು ಮುಂದಿನ ತಿಂಗಳ ಒಕ್ಕೂಟದ ಸಭೆಗೆ ತನ್ನಿ.